ಮನೆಯ ಗೋಡೆಗೆ ಎಂಥ ಚಿತ್ರ?

ಕಳೆದ ವರ್ಷ ನಮ್ಮ ಹಿರಿಯರ ಮನೆಯನ್ನು ಮಾರಬೇಕಾಗಿ ಬಂತು. ಕೊಪ್ಪರಿಗೆ, ಒರಳು, ತೇಗದ ಬೀರು ಇವನ್ನೆಲ್ಲ ಅಣ್ಣತಮ್ಮಂದಿರು ಹಂಚಿಕೊಳ್ಳುವುದು ಒಂದು ಬೆಳಗಿನ ಕೆಲಸವಾಯಿತು, ಅಷ್ಟೆ. ಉಳಿದದ್ದು ನಡುಮನೆಯ ಗೋಡೆಯ ಮೇಲಿದ್ದ ಒಂದು ಲಕ್ಷ್ಮಿಯ ಪಟ. ಅದನ್ನು ಬೇಕೆಂದು ಕೇಳಿದವರಿಲ್ಲ. ಬೇಡವೆಂದು ಬಾಯಿಬಿಟ್ಟು ಹೇಳುವ ಧೈರ್ಯವೂ ಯಾರಿಗೂ ಇರಲಿಲ್ಲ. ಕೊನೆಗೆ, "ನೀನು ಮೇಷ್ಟ್ರು, ಇಂಥದ್ದೆಲ್ಲ ನಿನಗೇ ಸರಿ" ಎಂದು ನನ್ನ ಕೈಗೆ ಕೊಟ್ಟು ಎಲ್ಲರೂ ಹಗುರಾದರು.

ಈ ಪಟವನ್ನು ವಾಚಕರಲ್ಲಿ ಬಹುಮಂದಿ ಬಲ್ಲರು. ಕೊಳದ ನಡುವೆ ಅರಳಿದ ತಾವರೆ, ಅದರ ಮೇಲೆ ನಿಂತ ದೇವಿ, ಮೇಲಿನ ಎರಡು ಕೈಗಳಲ್ಲಿ ಕಮಲ, ಪಕ್ಕದಲ್ಲಿ ಮಾಲೆ ಎತ್ತಿ ಹಿಡಿದ ಆನೆ. ಮೂಲಚಿತ್ರ ರಾಜಾ ರವಿವರ್ಮನದು. ನಮ್ಮ ಮನೆಯಲ್ಲಿದ್ದದ್ದು ಅದರ ಕಲ್ಲಚ್ಚಿನ ಪ್ರತಿ, ಓಲಿಯೋಗ್ರಾಫ್ ಎನ್ನುತ್ತಾರಲ್ಲ, ಅದು. ನಮ್ಮ ಅಜ್ಜಿ ಮದುವೆಯಾಗಿ ಬಂದಾಗಲೇ ಅದು ಗೋಡೆಯಲ್ಲಿತ್ತಂತೆ. ಅಚ್ಚಾದ ಸೀರೆಯ ಮೇಲೆ ಯಾರೋ ನಿಜವಾದ ಬಟ್ಟೆಯನ್ನು ಕತ್ತರಿಸಿ ಅಂಟಿಸಿ, ಜರಿಯಂಚು ಹೊಲಿದು, ಒಡವೆಗಳಿದ್ದ ಕಡೆ ಚಮಕಿ ಕೂರಿಸಿದ್ದರು. ಬಾಗಿಲುವಾಡಕ್ಕಿಂತಲೂ ಮೇಲೆ, ದಾರದಿಂದ ಮುಂದಕ್ಕೆ ಬಾಗಿಸಿ ಕಟ್ಟಿದ್ದರಿಂದ ದೇವಿ ನಮ್ಮನ್ನು ಬಗ್ಗಿ ನೋಡುವಂತೆ ಕಾಣುತ್ತಿತ್ತು. ಹಳೆಯ ಮನೆಗಳಲ್ಲಿ ಪಟಗಳನ್ನು ತೂಗುಹಾಕುತ್ತಿದ್ದುದೇ ಹಾಗೆ. ಅವನ್ನು ನಾವು ನೋಡಲೆಂದಲ್ಲ, ಅವು ನಮ್ಮನ್ನು ನೋಡಲೆಂದು ಕಟ್ಟುತ್ತಿದ್ದರೋ ಏನೋ!

ಈ ಪಟದ ವಿಷಯದಲ್ಲಿ ನನ್ನದೊಂದು ಹಳೆಯ ತಪ್ಪುಂಟು. ಎಂ.ಎ. ಓದುತ್ತಿದ್ದ ಕಾಲ. ಭಾರತೀಯ ಕಲೆಯ ಮೇಲೆ ಒಂದೆರಡು ಪುಸ್ತಕ ಓದಿದ್ದೆ. ಅಷ್ಟಕ್ಕೇ ತಲೆ ತಿರುಗಿತ್ತು. ರವಿವರ್ಮ ಕಲಾವಿದನೇ ಅಲ್ಲ, ನಾಟಕದ ಪರದೆ ಬರೆಯುವವನು ಎಂದು ಮನೆಯವರಿಗೆಲ್ಲ ಉಪನ್ಯಾಸ ಕೊಟ್ಟೆ. ಒಂದು ರಜೆಯಲ್ಲಿ ಲಕ್ಷ್ಮಿಯ ಪಟವನ್ನು ಇಳಿಸಿ ಅಟ್ಟಕ್ಕೆ ಸಾಗಿಸಿ, ಅದೇ ಮೊಳೆಗೆ ಅಜಂತೆಯ ಪದ್ಮಪಾಣಿಯ ಮುದ್ರಣವೊಂದನ್ನು ಚೌಕಟ್ಟು ಹಾಕಿಸಿ ತೂಗಿದೆ. ಅಜ್ಜಿ ಜಗಳವಾಡಲಿಲ್ಲ. ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಇಷ್ಟೇ ಹೇಳಿದರು: "ಚೆನ್ನಾಗಿದಾನೆ ಕಣೋ. ಆದ್ರೆ ಏನೋ ನೊಂದಿದಾನೆ. ದಿನಾ ಬೆಳಗೆದ್ದು ನೊಂದ ಮುಖ ನೋಡೋಕಾಗತ್ತಾ?" ನಾನು ನಕ್ಕುಬಿಟ್ಟೆ. ಕಲೆಯ ವಿಷಯ ಇವರಿಗೇನು ಗೊತ್ತು ಎಂದು ನನ್ನ ನಗೆ.

ಎಷ್ಟೋ ವರ್ಷಗಳ ಮೇಲೆ, ಪಾಠಕ್ಕೆಂದು ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರವನ್ನು ತಿರುವಿಹಾಕುತ್ತಿದ್ದಾಗ ಆ ನಗೆ ನನ್ನ ಗಂಟಲಲ್ಲೇ ಸಿಕ್ಕಿಕೊಂಡಿತು. ಚಿತ್ರಕಲೆಯನ್ನು ಕುರಿತು ನಮ್ಮ ದೇಶದಲ್ಲಿ ಹುಟ್ಟಿದ ಬಹು ಹಳೆಯ ಶಾಸ್ತ್ರಗ್ರಂಥಗಳಲ್ಲಿ ಅದೊಂದು. ಗುಪ್ತರ ಕಾಲಕ್ಕೆ ಹತ್ತಿರದ್ದೆಂದು ವಿದ್ವಾಂಸರು ಎಣಿಸುತ್ತಾರೆ. ನವರಸಗಳನ್ನೂ ಚಿತ್ರದಲ್ಲಿ ಹೇಗೆ ತರಬೇಕೆಂದು ವಿವರಿಸಿದ ಮೇಲೆ ಆ ಗ್ರಂಥಕಾರ ಒಂದು ವ್ಯಾವಹಾರಿಕ ಪ್ರಶ್ನೆಗೆ ಇಳಿಯುತ್ತಾನೆ: ಯಾವ ಚಿತ್ರ ಎಲ್ಲಿರಬೇಕು? ದೇವಾಲಯದಲ್ಲಿ, ರಾಜಸಭೆಯಲ್ಲಿ ಎಲ್ಲ ರಸಗಳಿಗೂ ಸ್ಥಳವುಂಟು. ಮನೆಯಲ್ಲಿ ಮಾತ್ರ ಮೂರಕ್ಕೇ ಪ್ರವೇಶ: ಶೃಂಗಾರ, ಹಾಸ್ಯ, ಶಾಂತ. ಯುದ್ಧ, ಸಾವು, ದುಃಖ ಮನೆಯ ಗೋಡೆಗೆ ಸಲ್ಲವು. ಕರುಣರಸ ಎಷ್ಟೇ ಉತ್ತಮವಾಗಿ ಮೂಡಿದ್ದರೂ ಅದು ಹೊರಗೇ. ಅದೇ ಅಧ್ಯಾಯದಲ್ಲಿ ಇನ್ನೊಂದು ವಿಚಿತ್ರ ನಿಷೇಧವೂ ಇದೆ: ತನ್ನ ಮನೆಗೆ ತಾನೇ ಚಿತ್ರ ಬರೆಯಬಾರದು. ಅದರ ಕಾರಣವನ್ನು ವಾಚಕರೇ ಊಹಿಸಿಕೊಳ್ಳಲಿ. ಹವ್ಯಾಸಿ ಚಿತ್ರಕಾರರ ನಂಟರ ಮನೆಗೆ ಹೋಗಿಬಂದವರಿಗೆ ಊಹೆ ಕಷ್ಟವಾಗಲಾರದು.

ಅಂದರೆ, ಮೂರನೆಯ ತರಗತಿಗೇ ಓದು ಬಿಟ್ಟ ನಮ್ಮ ಅಜ್ಜಿ ಅಜಂತೆಯ ಚಿತ್ರವನ್ನು ಒಪ್ಪಿಕೊಂಡೇ ಮನೆಯ ಗೋಡೆಗೆ ಬೇಡವೆಂದಾಗ ಹೇಳಿದ್ದು ಶಾಸ್ತ್ರವನ್ನೇ. ಚಿತ್ರ ಒಳ್ಳೆಯದೇ ಎಂಬುದು ಒಂದು ಪ್ರಶ್ನೆ. ಅದರೊಡನೆ ದಿನವೂ ಬಾಳುವೆ ಮಾಡಬಹುದೆ ಎಂಬುದು ಇನ್ನೊಂದು. ಬೆಟ್ಟಗುಡ್ಡ ಹೊಳೆಗಳ ಚಿತ್ರಕ್ಕೆ ಈ ಎರಡನೆಯ ಪ್ರಶ್ನೆ ಅಷ್ಟಾಗಿ ತಾಗುವುದಿಲ್ಲ. ಮನುಷ್ಯರೂಪವಿರುವ ಚಿತ್ರದ ಮಾತು ಬೇರೆ. ಮುಖವೊಂದು ಗೋಡೆಗೆ ಬಂತೆಂದರೆ ಮನೆಯಲ್ಲಿ ಒಬ್ಬರು ಹೆಚ್ಚಾದಂತೆ.

ನಮ್ಮ ನಾಡಿನ ಶಾಸ್ತ್ರಕಾರನೂ ಈ ಕ್ಷೇತ್ರದಲ್ಲಿ ದುಡಿದಿದ್ದಾನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಗೋಡೆಗೆ ಸುಣ್ಣ ಹತ್ತಿಸಿ ನಯಮಾಡುವುದರಿಂದ ಹಿಡಿದು, ಎಮ್ಮೆಯ ಚರ್ಮವನ್ನು ಕುದಿಸಿ ವಜ್ರಲೇಪವೆಂಬ ಅಂಟು ತೆಗೆಯುವವರೆಗೆ ಎಲ್ಲವೂ ಉಂಟು. ಚಿತ್ರಗಳನ್ನು ಅವನು ವಿಂಗಡಿಸುವ ರೀತಿ ಇಂದಿಗೂ ಉಪಯುಕ್ತ. ಕನ್ನಡಿಯ ಪ್ರತಿಬಿಂಬದಂತೆ ಇದ್ದದ್ದು ಇದ್ದಹಾಗೆ ಬಂದರೆ ವಿದ್ಧ. ನೋಡಿದೊಡನೆ ಶೃಂಗಾರವೇ ಮೊದಲಾದ ಭಾವ ಮನಸ್ಸಿನಲ್ಲಿ ಹುಟ್ಟಿದರೆ ಭಾವಚಿತ್ರ. ಪುಡಿಬಣ್ಣದಿಂದ ನೆಲದ ಮೇಲೆ ಬಿಡಿಸಿದರೆ ಧೂಳಿಚಿತ್ರ. ಕೊನೆಯದು ನಮ್ಮ ರಂಗೋಲಿಯೇ. ನಾವು ಇಂದು ಫೋಟೋವನ್ನು ಭಾವಚಿತ್ರ ಎನ್ನುತ್ತೇವೆ. ಸೋಮೇಶ್ವರನ ಪ್ರಕಾರ ಅದು ವಿದ್ಧಚಿತ್ರವಾಗಬೇಕು. ಭಾಷೆಯಲ್ಲಿ ಇಂಥ ತಲೆಕೆಳಗುಗಳು ಎಷ್ಟೋ!

ಆದರೆ ಈ ಶಾಸ್ತ್ರಗಳೆಲ್ಲ ಅರಮನೆ, ದೇಗುಲ, ಅನುಕೂಲಸ್ಥ ನಾಗರಿಕರ ಮಾತಾಯಿತು. ಸಾಮಾನ್ಯನ ಮನೆಯಲ್ಲಿ ರಂಗೋಲಿ ಇತ್ತು, ಮಲೆನಾಡಿನಲ್ಲಿ ಹಸೆಚಿತ್ತಾರ ಇತ್ತು. ಹೆಣ್ಣುಮಕ್ಕಳೇ ಬರೆದು, ಹಬ್ಬ ಕಳೆದ ಮೇಲೆ ಅಳಿಸಿಹೋಗುತ್ತಿದ್ದವು. ಚಿತ್ರಸೂತ್ರದ ನಿಷೇಧ ಅವರನ್ನು ಮುಟ್ಟಿರಲಿಲ್ಲ. ಕೊಂಡುತಂದು ತೂಗುಹಾಕುವ, ವರ್ಷಾನುಗಟ್ಟಲೆ ಉಳಿಯುವ ದೇವರ ಪಟ ಉಳ್ಳವರ ಸೊತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆದ ಮೈಸೂರು ಶೈಲಿಯ ಚಿತ್ರಗಳನ್ನೇ ನೋಡಿ. ಹಲಗೆಗೆ ಕಾಗದ ಅಂಟಿಸಿ, ಹುಣಿಸೆಕಡ್ಡಿಯ ಇದ್ದಿಲಿನಿಂದ ರೇಖೆ ಎಳೆದು, ಸಫೇದು ಮತ್ತು ಅಂಟಿನ ಲೇಪದಿಂದ ಒಡವೆಗಳನ್ನು ಕೊಂಚ ಉಬ್ಬಿಸಿ, ಮೇಲೆ ಚಿನ್ನದ ರೇಕು ಕೂರಿಸುವ ಆ ಕೆಲಸಕ್ಕೆ ದಿನಗಳಲ್ಲ, ವಾರಗಳು ಬೇಕು. ಅಂಥ ಪಟ್ಟಾಭಿಷೇಕದ ಪಟವೊಂದು ಮನೆಯಲ್ಲಿದ್ದರೆ ಅದು ದೇವರ ಕೋಣೆ ಬಿಟ್ಟು ಈಚೆಗೆ ಬರುತ್ತಿರಲಿಲ್ಲ. ಪೂಜೆಗೆಂದು ಬರೆಸಿದ್ದು, ಪೂಜೆಯಲ್ಲೇ ಮಸುಕಾಗುತ್ತಿತ್ತು. ಇಲ್ಲಿ ಆರಿಸಿಕೊಳ್ಳುವ ಪ್ರಶ್ನೆ ಕಡಮೆ. ಮನೆದೇವರು ಯಾರೋ ಅವರದೇ ಪಟ.

ಬಡವರ, ಮಧ್ಯಮವರ್ಗದವರ ಮನೆಗೆ ಬಣ್ಣದ ರೂಪವನ್ನು ತಂದದ್ದು ಅಚ್ಚಿನ ಕಲ್ಲು. ಪುಣೆಯ ಚಿತ್ರಶಾಲಾ ಪ್ರೆಸ್ಸು, ಕಲ್ಕತ್ತೆಯ ಆರ್ಟ್ ಸ್ಟುಡಿಯೋ ಎರಡೂ ಆರಂಭವಾದದ್ದು 1878ರಲ್ಲಿ. ಅಲ್ಲಿಂದ ದೇವರ ಚಿತ್ರಗಳು ಊರೂರಿಗೆ ಹೊರಟವು. ಆ ಹೊತ್ತಿಗೆ ತಿರುವಾಂಕೂರಿನ ಕಿಳಿಮಾನೂರಿನಲ್ಲಿ 1848ರಲ್ಲಿ ಹುಟ್ಟಿದ ರವಿವರ್ಮ ಅರಮನೆಗಳ ಚಿತ್ರಕಾರನಾಗಿ ಹೆಸರು ಮಾಡಿದ್ದ. 1885ರಲ್ಲಿ ಚಾಮರಾಜೇಂದ್ರ ಒಡೆಯರು ರಾಜಮನೆತನದ ಚಿತ್ರಗಳನ್ನು ಬರೆಯಲು ಅವನನ್ನು ಮೈಸೂರಿಗೆ ಕರೆಸಿದ್ದರು. ಬರೋಡೆಯ ಗಾಯಕವಾಡರು ಹದಿನಾಲ್ಕು ಪುರಾಣಚಿತ್ರಗಳನ್ನು ಬರೆಯಿಸಿದರು. ಅವನ್ನು ಬರೆಯುವ ಮುಂಚೆ ರವಿವರ್ಮ ತಮ್ಮ ರಾಜರಾಜವರ್ಮನೊಡನೆ ಉತ್ತರಭಾರತವನ್ನೆಲ್ಲ ಸುತ್ತಿ, ಪುರಾಣದ ಸ್ತ್ರೀಯರಿಗೆ ಯಾವ ಉಡುಪು ಸರಿ ಎಂದು ಹುಡುಕಾಡಿ, ಕೊನೆಗೆ ಸೀರೆಗೇ ಬಂದು ನಿಂತ. ಇಂದು ನಮಗೆ ಇದು ಸಹಜವೆನಿಸುತ್ತದೆ. ದಮಯಂತಿ ಸೀರೆಯುಡದೆ ಇನ್ನೇನು ಉಡುತ್ತಾಳೆ ಎನ್ನುತ್ತೇವೆ. ಅದನ್ನು ಸಹಜವಾಗಿಸಿದವರಲ್ಲಿ ಅವನೇ ಮುಖ್ಯ.

ಬರೋಡೆಯ ಚಿತ್ರಗಳನ್ನು ಪ್ರದರ್ಶನಕ್ಕೆ ಇಟ್ಟಾಗ ಜನ ಮುಗಿಬಿದ್ದರು. ಅವನ ಚಿತ್ರಗಳ ಅಚ್ಚು ತೆಗೆಸಿ ಎಲ್ಲರಿಗೂ ಸಿಕ್ಕುವಂತೆ ಮಾಡಬೇಕೆಂದು ದಿವಾನ್ ಟಿ. ಮಾಧವರಾಯರು 1884ರಷ್ಟು ಹಿಂದೆಯೇ ರವಿವರ್ಮನಿಗೆ ಸಲಹೆ ಕೊಟ್ಟಿದ್ದರು. ಹತ್ತು ವರ್ಷಗಳ ಮೇಲೆ, 1894ರಲ್ಲಿ, ಬೊಂಬಾಯಿಯಲ್ಲಿ ಅವನದೇ ಛಾಪಖಾನೆ ಶುರುವಾಯಿತು. ಜರ್ಮನಿಯ ಯಂತ್ರ, ಜರ್ಮನಿಯ ಕುಶಲರು. ಬಣ್ಣಕ್ಕೊಂದು ಕಲ್ಲು, ಚಿತ್ರದಲ್ಲಿ ಎಷ್ಟು ಬಣ್ಣದ ಛಾಯೆಯೋ ಅಷ್ಟು ಕಲ್ಲುಗಳ ಮೇಲೆ ಒಂದೇ ಹಾಳೆ ಹಾದುಹೋಗಬೇಕು. ಒಂದು ಕಲ್ಲಿನಲ್ಲಿ ಕೂದಲೆಳೆಯಷ್ಟು ಆಚೀಚೆಯಾದರೂ ದೇವಿಯ ತುಟಿ ಕೆನ್ನೆಗೆ ಸರಿದುಬಿಡುತ್ತದೆ. ಕೊನೆಗೆ ವಾರ್ನಿಷ್ ಬಳಿದರೆ ಎಣ್ಣೆಬಣ್ಣದ ಹೊಳಪು. ಪ್ರೆಸ್ಸಿನಿಂದ ಹೊರಟ ಮೊದಲ ಚಿತ್ರ ಶಕುಂತಲೆಯ ಜನನ. ಬಳಿಕ ಪ್ಲೇಗಿನ ಹಾವಳಿ, ಹಣದ ಮುಗ್ಗಟ್ಟು; ಪ್ರೆಸ್ಸು ಲೋಣಾವಳದ ಹತ್ತಿರದ ಮಳವಳಿಗೆ ಸ್ಥಳಾಂತರವಾಯಿತು. ನಮ್ಮ ಮಂಡ್ಯದ ಮಳವಳ್ಳಿಯಲ್ಲ, ವಾಚಕರು ಗೊಂದಲಪಡಬಾರದು. ಸಾಲದ ಹೊರೆ ತಾಳಲಾರದೆ ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಅದನ್ನು ಷ್ಲೈಷರ್ ಎಂಬ ಜರ್ಮನ್ ತಂತ್ರಜ್ಞನಿಗೆ ಮಾರಿಬಿಟ್ಟರು. ಚಲನಚಿತ್ರದ ಆದ್ಯ ಪುರುಷನೆನಿಸಿದ ದಾದಾಸಾಹೇಬ್ ಫಾಲ್ಕೆ ಕೆಲಕಾಲ ಕೆಲಸ ಮಾಡಿದ್ದೂ ಈ ಪ್ರೆಸ್ಸಿಗಾಗಿಯೇ. 1913ರ ಅವನ ಹರಿಶ್ಚಂದ್ರ ಈ ಕಲ್ಲಚ್ಚಿನ ಲೋಕದಿಂದಲೇ ಎದ್ದುಬಂದವನು. 1972ರಲ್ಲಿ ಬೆಂಕಿ ಬಿದ್ದು ಪ್ರೆಸ್ಸಿನ ಬಹುಭಾಗ ನಾಶವಾಯಿತು.

ವ್ಯಾಪಾರದಲ್ಲಿ ರವಿವರ್ಮ ಸೋತ, ಗೋಡೆಗಳನ್ನು ಗೆದ್ದ. ಹೇಗೆ ಗೆದ್ದ ಎಂಬುದನ್ನು ಕೊಂಚ ವಿಚಾರಿಸಬೇಕು. ಅದುವರೆಗೆ ಪಟದಲ್ಲಿದ್ದ ದೇವತೆ ಎದುರು ಮುಖವಾಗಿ, ಚಿನ್ನದ ಪ್ರಭಾವಳಿಯಲ್ಲಿ, ಲಕ್ಷಣಗ್ರಂಥದಲ್ಲಿ ಹೇಳಿದಂತೆ ಕುಳಿತಿರುತ್ತಿದ್ದಳು. ರವಿವರ್ಮನ ಸರಸ್ವತಿ ಹೊಳೆಯ ದಡದಲ್ಲಿ ಬಂಡೆಯ ಮೇಲೆ ಬಿಳಿಯ ಸೀರೆಯುಟ್ಟು ವೀಣೆ ಹಿಡಿದು ಕುಳಿತಳು, ಪಕ್ಕದಲ್ಲಿ ನವಿಲು. ನಾಲ್ಕು ಕೈಗಳನ್ನು ಬಿಟ್ಟರೆ ಆಕೆ ನೆರೆಮನೆಯ ಹೆಣ್ಣುಮಗಳು. ಕೈಮುಗಿಯುವವರಿಗೆ ದೇವಿ, ನೋಡುವವರಿಗೆ ಚೆಲುವೆ. ಪಟ ದೇವರ ಕೋಣೆಯ ಹೊಸಲು ದಾಟಿ ನಡುಮನೆಗೆ ಬಂದದ್ದು ಆಗ. ಅಷ್ಟೇ ಅಲ್ಲ, ಹಂಸದೊಡನೆ ಮಾತನಾಡುವ ದಮಯಂತಿ, ಮೇನಕೆಯ ಮುಂದೆ ಕುಳಿತ ವಿಶ್ವಾಮಿತ್ರ, ಉಯ್ಯಾಲೆಯ ಮೋಹಿನಿ, ಇವರಾರೂ ಪೂಜೆಗೆ ಬಂದವರಲ್ಲ. ಪೂಜೆಗಲ್ಲದ ಮನುಷ್ಯರೂಪವನ್ನು ನಾಲ್ಕು ಕಾಸು ಕೊಟ್ಟು, ಅಂಗಡಿಯಲ್ಲಿ ಹತ್ತು ನೋಡಿ ಒಂದನ್ನು ಆರಿಸಿ ಮನೆಗೆ ತರುವ ಅನುಭವ ನಮ್ಮ ಸಾಮಾನ್ಯ ಗೃಹಸ್ಥನಿಗೆ ಆದದ್ದು ಈ ಅಚ್ಚುಗಳಿಂದ. ಆತ ಆರಿಸಿದ್ದೇನು? ಬಹುಮಟ್ಟಿಗೆ ಶೃಂಗಾರ ಮತ್ತು ಶಾಂತ. ರೆಕ್ಕೆ ಕತ್ತರಿಸಿದ ಜಟಾಯುವೂ ಅಚ್ಚಾಗಿ ಮಾರಾಟವಾಯಿತು, ನಿಜ. ಆದರೆ ಮನೆಮನೆಯಲ್ಲಿ ನೆಲೆನಿಂತವರು ಲಕ್ಷ್ಮಿ ಸರಸ್ವತಿಯರು. ಇಂದಿಗೂ ಕುರುಕ್ಷೇತ್ರದ ಯುದ್ಧವನ್ನು ಗೋಡೆಗೆ ಹಾಕುವವರು ಕಡಮೆ. ಅದೇ ರಣರಂಗದ ನಡುವೆ ರಥ ನಿಲ್ಲಿಸಿಕೊಂಡು ಮಾತನಾಡುತ್ತಿರುವ ಗೀತೋಪದೇಶ ಮಾತ್ರ ಎಲ್ಲ ಕಡೆಯೂ ಇದೆ.

ಪಂಡಿತರಿಗೆ ಇದು ಹಿಡಿಸಲಿಲ್ಲ. 1906ರಲ್ಲಿ ರವಿವರ್ಮ ತೀರಿಕೊಂಡ. ಮರುವರ್ಷವೇ 'ಮಾಡರ್ನ್ ರಿವ್ಯೂ' ಪತ್ರಿಕೆಯಲ್ಲಿ ಆನಂದ ಕುಮಾರಸ್ವಾಮಿಯವರು ಅವನ ಕಲೆಯನ್ನು ಕಟುವಾಗಿ ವಿಮರ್ಶಿಸಿದರು. ನಾಟಕೀಯ ಭಂಗಿ, ಕಲ್ಪನೆಯ ಬಡತನ, ದೇವತೆಗಳಲ್ಲಿ ದೈವತ್ವದ ಅಭಾವ: ಆಪಾದನೆಗಳು ಇವು. ಸೋದರಿ ನಿವೇದಿತೆಯವರದೂ ಇದೇ ಧೋರಣೆ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರು ಹೊಸ ದಾರಿ ತೆರೆದರು. ನಮ್ಮ ಮೈಸೂರಿನಿಂದ ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಹೋದ ಕೆ. ವೆಂಕಟಪ್ಪನವರು ಅವರ ಶಿಷ್ಯರಾಗಿ ರೇಖೆಯ ನಯದಲ್ಲಿ ಗುರುವೇ ಮೆಚ್ಚುವಂತೆ ಬೆಳೆದರು. ಅತ್ತ ಅದೇ ಮೈಸೂರು ಅರಮನೆಗೆ 1904ರಿಂದ 1906ರ ನಡುವೆ ರವಿವರ್ಮನಿಂದ ಪುರಾಣಚಿತ್ರಗಳ ಒಂದು ಮಾಲೆಯೇ ಬಂದಿತ್ತು. ಒಂದೇ ಅರಮನೆ ಎರಡು ಪಂಥಗಳಿಗೂ ಅನ್ನವಿಟ್ಟಿತು. ಕನ್ನಡದಲ್ಲಿ ಅ. ನ. ಕೃಷ್ಣರಾಯರು ಭಾರತೀಯ ಚಿತ್ರಕಲೆಯಲ್ಲಿ ರವಿವರ್ಮನ ಸ್ಥಾನವನ್ನು ಕುರಿತು ಪುಸ್ತಕವನ್ನೇ ಬರೆದರೆಂದರೆ, ಈ ಚರ್ಚೆ ನಮ್ಮಲ್ಲಿಯೂ ಎಷ್ಟು ಬಿಸಿಯಾಗಿತ್ತೆಂದು ಊಹಿಸಬಹುದು.

ಕುಮಾರಸ್ವಾಮಿಯವರು ಹೇಳಿದ್ದು ಸುಳ್ಳಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಈ ಚಿತ್ರಗಳ ಮುಂದೆ ನಿಂತಾಗ ನನಗೂ ಹಾಗೆ ಅನ್ನಿಸಿದೆ. ಶ್ರೀಕೃಷ್ಣ ಸಂಧಾನದ ಸಭೆಯಲ್ಲಿ ಎಲ್ಲರೂ ಪರದೆ ಏಳಲು ಕಾದುನಿಂತವರಂತೆ ಕಾಣುತ್ತಾರೆ. ಆದರೆ ಅಲ್ಲಿಯೇ ಇರುವ ಸಂಗೀತಗಾರ್ತಿಯರ ಗುಂಪಿನ ಚಿತ್ರವನ್ನು ನೋಡಿ: ಹನ್ನೊಂದು ಹೆಂಗಸರು, ಒಬ್ಬೊಬ್ಬರದೂ ಒಂದೊಂದು ಪ್ರಾಂತದ ಉಡುಗೆ. ಸೇರಿ ಕುಳಿತಿದ್ದರೂ ಒಬ್ಬರನ್ನೊಬ್ಬರು ನೋಡುತ್ತಿಲ್ಲ. ಎಲ್ಲರ ಕಣ್ಣಲ್ಲಿಯೂ ಏನೋ ಬೇಸರ. ಇದನ್ನು ಬರೆದವನಿಗೆ ಮನುಷ್ಯಮುಖ ತಿಳಿದಿರಲಿಲ್ಲವೆಂದು ನಾನು ಒಪ್ಪಲಾರೆ. ಪಂಡಿತರ ತೂಕದಲ್ಲಿ ಕೊರತೆಯಾದದ್ದು ಬೇರೆ. ಅವರು ಅಳೆದದ್ದು ಚಿತ್ರಶಾಲೆಯ ಅಳತೆಗೋಲಿನಿಂದ. ಮನೆಗೆ ಅದರದೇ ಅಳತೆ ಇದೆ ಎಂಬುದನ್ನು ಹಳೆಯ ಚಿತ್ರಸೂತ್ರ ಬಲ್ಲುದು. ಭಾರತೀಯತೆಯನ್ನೇ ಎತ್ತಿಹಿಡಿಯಹೊರಟವರು ಅದೊಂದನ್ನು ಬಿಟ್ಟುಬಿಟ್ಟರು.

ಆಮೇಲಿನ ಕಥೆ ಬೇಗ ಮುಗಿಯುತ್ತದೆ. ಕಲ್ಲಿನ ಜಾಗಕ್ಕೆ ಆಫ್‌ಸೆಟ್ ಬಂತು, ಶಿವಕಾಶಿ ಬಂತು, ಜವಳಿ ಅಂಗಡಿಯ ಕ್ಯಾಲೆಂಡರು ಬಂತು. ನಮ್ಮ ಕಲಬುರಗಿಯ ಎಸ್. ಎಂ. ಪಂಡಿತರು ಬೊಂಬಾಯಿಗೆ ಹೋಗಿ, ಸಿನಿಮಾ ಭಿತ್ತಿಪತ್ರಗಳಲ್ಲಿ ಕೈ ಪಳಗಿಸಿ, ಮೈಕಟ್ಟುಳ್ಳ ದೇವತೆಗಳನ್ನು ಕ್ಯಾಲೆಂಡರಿನಲ್ಲಿ ದೇಶಕ್ಕೆಲ್ಲ ಹಂಚಿದರು. ಕ್ಯಾಲೆಂಡರಿನೊಡನೆ ಆಯ್ಕೆ ಮತ್ತೆ ಕೈತಪ್ಪಿತು. ಅಂಗಡಿಯವನು ಕೊಟ್ಟದ್ದೇ ಚಿತ್ರ; ವರ್ಷ ಮುಗಿದ ಮೇಲೆ ದಿನಾಂಕದ ಭಾಗ ಕತ್ತರಿಸಿ ಚೌಕಟ್ಟು ಹಾಕಿಸಿದರೆ ಅಷ್ಟರಮಟ್ಟಿಗೆ ಗೃಹಿಣಿಯ ಆಯ್ಕೆ.

ಜನರ ಆಯ್ಕೆ ಎಲ್ಲಿ ನೆಲೆನಿಲ್ಲುತ್ತದೆಂಬುದಕ್ಕೆ ಜಗನ್ಮೋಹನ ಅರಮನೆಯಲ್ಲಿಯೇ ಇನ್ನೊಂದು ಸಾಕ್ಷಿ ಇದೆ. ದೀಪ ಹಿಡಿದ ಹೆಣ್ಣಿನ ಚಿತ್ರ. ಬೆಳಕು ಬೆರಳ ಸಂದಿನಿಂದ ಹೊಮ್ಮಿ ಮುಖಕ್ಕೆ ತಾಗುತ್ತದೆ. ಪ್ರೇಕ್ಷಕರಲ್ಲಿ ಅನೇಕರು ಅದನ್ನು ರವಿವರ್ಮನದೆಂದೂ ಎಣ್ಣೆಬಣ್ಣದ್ದೆಂದೂ ತಿಳಿಯುತ್ತಾರೆ. ಎರಡೂ ತಪ್ಪು. ಅದು ಎಸ್. ಎಲ್. ಹಳದಣಕರರು 1940ರ ದಶಕದಲ್ಲಿ ಜಲವರ್ಣದಲ್ಲಿ ಬರೆದದ್ದು. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಆಕೆ ನೂರು ವರ್ಷ ದಾಟಿ ಬಾಳಿ 2018ರಲ್ಲಿ ತೀರಿಕೊಂಡರು. ಮೈಸೂರಿಗೆ ಹೋದವರು ಈ ಚಿತ್ರದ ಪ್ರತಿಯನ್ನು ಕೊಂಡುತಂದು ನಡುಮನೆಗೆ ಹಾಕಿದ್ದನ್ನು ಎಷ್ಟೋ ಕಡೆ ಕಂಡಿದ್ದೇನೆ. ದೇವರಲ್ಲ, ಪುರಾಣವಲ್ಲ, ನಂಟರೂ ಅಲ್ಲ. ಸಂಜೆ ದೀಪ ತರುತ್ತಿರುವ ಒಬ್ಬ ಹೆಣ್ಣುಮಗಳು. ಆಕೆ ನಮ್ಮನ್ನು ನೋಡುವುದೂ ಇಲ್ಲ.

ಇನ್ನು ನನ್ನ ಕೈಗೆ ಬಂದ ಪಟದ ವಿಚಾರ. ನಮ್ಮದು ನಗರದ ಅಪಾರ್ಟ್‌ಮೆಂಟು. ಗೋಡೆ ಕಡಮೆ, ಕಿಟಕಿ ಹೆಚ್ಚು. ಹಾಲಿನ ಗೋಡೆಗೆ ಓಡುವ ಏಳು ಕುದುರೆಗಳ ಚಿತ್ರ ತರಿಸೋಣವೆಂದು ಮನೆಯಲ್ಲಿ ಮೊದಲೇ ಮಾತಾಗಿತ್ತು. ಮೊಬೈಲಿನಲ್ಲಿ ಬೆಲೆಯನ್ನೂ ನೋಡಿಯಾಗಿತ್ತು. ಲಕ್ಷ್ಮಿಯ ಚೌಕಟ್ಟನ್ನು ಗೆದ್ದಲು ತಿಂದಿದ್ದರಿಂದ ಅದನ್ನು ಚೌಕಟ್ಟಿನ ಅಂಗಡಿಗೆ ಒಯ್ದೆ. ಆತ ಗಾಜು ತೆಗೆದು ಜರಿಸೀರೆಯ ಒಂದು ಅಂಚನ್ನು ಚಿಮಟಿಯಿಂದ ಮೆಲ್ಲಗೆ ಎತ್ತಿದ. ನೂರು ವರ್ಷದ ಹೊಗೆ ಬಿಸಿಲುಗಳಲ್ಲಿ ಮುಖ, ಕೈ, ಕೊಳ, ಆನೆ ಎಲ್ಲ ಕಂದುಬಣ್ಣಕ್ಕೆ ತಿರುಗಿದ್ದವು. ಬಟ್ಟೆಯ ಕೆಳಗೆ ಮುಚ್ಚಿಹೋಗಿದ್ದ ಅಚ್ಚಿನ ಸೀರೆ ಮಾತ್ರ ನಿನ್ನೆ ಪ್ರೆಸ್ಸಿನಿಂದ ಬಂದಂತೆ ಕೆಂಪಗಿತ್ತು. "ಸಾರ್, ಇದೆಲ್ಲ ಕಿತ್ತು ಶುದ್ಧ ಮಾಡಿದ್ರೆ ಒಳ್ಳೇ ಬೆಲೆ ಬರುತ್ತೆ. ಸಂಗ್ರಹ ಮಾಡೋರು ಹುಡುಕಿಕೊಂಡು ಬರ್ತಾರೆ" ಎಂದ. ಆ ಹೊಲಿಗೆ ಯಾರ ಕೈಯದೆಂದು ಹೇಳಬಲ್ಲವರು ಈಗ ಯಾರೂ ಉಳಿದಿಲ್ಲ. ಒಂದೊಂದು ಚಮಕಿಗೂ ಎರಡೆರಡು ಸಲ ದಾರ ಸುತ್ತಿದ್ದಾರೆ.

ಅಂಚನ್ನು ಇದ್ದಹಾಗೆ ಅಂಟಿಸಿಕೊಡು ಎಂದೆ.

ಈ ಕಾಲದ ಕಾಂಕ್ರೀಟು ಗೋಡೆಗೆ ಮೊಳೆ ಹೊಡೆಯುವುದು ಸುತ್ತಿಗೆಯ ಕೆಲಸವಲ್ಲ, ಡ್ರಿಲ್ಲಿನವನನ್ನು ಕರೆಸಬೇಕಾಯಿತು. ದೇವರ ಮೂಲೆಗೋ ಹಾಲಿಗೋ ಎಂದು ಅವನು ಕೇಳಿದಾಗ ನಾನೂ ನನ್ನ ಹೆಂಡತಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಉತ್ತರ ಕೊಟ್ಟವಳು ಹನ್ನೊಂದು ವರ್ಷದ ಮಗಳು. ಊಟದ ಮೇಜಿನ ಎದುರಿನ ಗೋಡೆಯಲ್ಲಿ ತನ್ನ ಕಣ್ಣಿನ ಮಟ್ಟಕ್ಕೆ ಪೆನ್ಸಿಲಿನಿಂದ ಗುರುತು ಹಾಕಿದಳು. ಅಷ್ಟು ಕೆಳಗೆ ಯಾರೂ ದೇವರ ಪಟ ಹಾಕುವುದಿಲ್ಲ ಎಂದು ನಾನು ಹೇಳಹೊರಟಿದ್ದೆ. ಅಷ್ಟರಲ್ಲಿ ಡ್ರಿಲ್ಲು ಗರ್ರೆಂದಿತು.